ಮೊದಲ ಹಾಳೆ ಬಾವಿಗೆ

ಆ ಕಿಟಕಿ ಸ್ವಲ್ಪ ಮುಂದಕ್ಕೆ ಎಳೆಯಿರಿ. ಹಾಂ... ಅಷ್ಟು ಸಾಕು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಯಾರಾದರೂ ಕಿಸಕ್ಕನೆ ನಕ್ಕರೆ ನಾನು ಎದ್ದು ಹೋಗಿ ಮಲಗುತ್ತೇನೆ. ಇದು ಯಾರೋ ಇನ್ಯಾರಿಗೋ ಹೇಳಿ ಬಾಯಿಂದ ಬಾಯಿಗೆ ಬೆಳೆದದ್ದಲ್ಲ. ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು, ಅವನೇ ನನ್ನ ಮುಂದೆ ಕೂತು ಹೇಳಿದ್ದು.

ಅವನಿಗೆ ಮೊಳೆಯಣ್ಣ ಅಂತ ಹೆಸರು ಬಿದ್ದಿತ್ತು. ಗೋಡೆಗೆ ಹೊಡೆಯುವ ಮೊಳೆ ಅಲ್ಲ, ಅಚ್ಚಿನ ಮೊಳೆ. ಪ್ರೆಸ್ಸಿನಲ್ಲಿ ಸೀಸದ ಅಕ್ಷರಗಳನ್ನು ಖಾನೆಯಿಂದ ಒಂದೊಂದೇ ಹೆಕ್ಕಿ ಸಾಲು ಜೋಡಿಸುವ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿ ಅವನ ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪಾಗಿದ್ದವು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಒಂದು ಶನಿವಾರ, ರಾತ್ರಿ ಹತ್ತೂವರೆ. ಮೊಳೆಯಣ್ಣ ಕೆಲಸ ಮುಗಿಸಿ ಕೋಣೆಗೆ ಹೊರಟಿದ್ದ. ದಾರಿಯಲ್ಲಿ ಬಾಗಿಲು ಮುಚ್ಚಿದ ಸೋಪಿನ ಕಾರ್ಖಾನೆ ಒಂದಿದೆ. ಅದರ ಗೋಡೆ ಮುಗಿದಲ್ಲಿ ಬಾವಿ. ಕಾರ್ಖಾನೆ ನಡೆಯುತ್ತಿದ್ದ ಕಾಲಕ್ಕೆ ತೋಡಿಸಿದ್ದು, ಈಗ ತಳದಲ್ಲಿ ತೊಟ್ಟು ನೀರಿಲ್ಲ. ರಾಟೆ ಇದೆ, ಹಗ್ಗ ಇಲ್ಲ. ಬಾಯಿಗೆ ಅರ್ಧ ಹಲಗೆ ಮುಚ್ಚಿದ್ದಾರೆ, ಅರ್ಧ ತೆರೆದೇ ಇದೆ. ಅವನು ನಡೆಯುತ್ತಲೇ ಜೇಬಿನಿಂದ ಉಂಡೆ ಮಾಡಿದ ಒಂದು ಕಾಗದ ತೆಗೆದು ಆ ತೆರೆದ ಅರ್ಧಕ್ಕೆ ಎಸೆದ. ವಾರವಾರ ಎಸೆಯುತ್ತಿದ್ದದ್ದೇ. ಆವತ್ತು ಮಾತ್ರ ಯಾಕೋ ನಿಂತ.

ಸದ್ದು ಬರಲಿಲ್ಲ.

ಒಣಬಾವಿಗೆ ಕಾಗದದ ಉಂಡೆ ಬಿದ್ದರೆ ಟಪ್ ಅಂತ ಒಂದು ಸದ್ದು ಬರಬೇಕು. ತಳದಲ್ಲಿ ತರಗೆಲೆ ಇರುತ್ತದೆ, ಕೊನೆಗೆ ಸರಕ್ ಅಂತಲಾದರೂ ಅನ್ನಬೇಕು. ಏನೂ ಇಲ್ಲ. ಇಷ್ಟು ವಾರ ಎಸೆದಿದ್ದೇನಲ್ಲ, ಒಂದು ಸಲವಾದರೂ ಬಿದ್ದ ಸದ್ದು ಕೇಳಿದ್ದೇನೆಯೇ... ಅಂತ ನೆನೆಸಿಕೊಂಡ. ಕೇಳಿರಲಿಲ್ಲ. ಒಂದು ಸಲವೂ.

ಆಮೇಲೆ ಕೇಳಿಸಿತು. ಬಿದ್ದ ಸದ್ದಲ್ಲ.

ಸರ್... ಸರ್... ಸರ್...

ಮುದುಡಿದ ಕಾಗದವನ್ನು ಮಂಡಿಯ ಮೇಲೆ ಇಟ್ಟುಕೊಂಡು ಅಂಗೈಯಿಂದ ಸವರಿ ಸವರಿ ನೆಟ್ಟಗೆ ಮಾಡುತ್ತೇವಲ್ಲ, ಆ ಸದ್ದು. ನಿಧಾನವಾಗಿ. ಎಲ್ಲಿ ಹರಿದೀತೋ ಅಂತ ಜೋಪಾನವಾಗಿ.

ಇಲಿ ಅಂದುಕೊಂಡು ಅವನು ದಾಪುಗಾಲು ಹಾಕಿದ. ಇಲಿಗೆ ಅಂಗೈ ಎಲ್ಲಿಂದ ಬಂತು ಅಂತ ನೀವು ಕೇಳುತ್ತೀರಿ. ಅವನೂ ಕೇಳಿಕೊಂಡ, ಆದರೆ ಕೋಣೆಯ ಚಿಲಕ ಹಾಕಿಕೊಂಡ ಮೇಲೆ.

ಆ ಕಾಗದ ಯಾವುದು ಅಂತ ಹೇಳಬೇಕು. ಅದನ್ನು ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಮೊಳೆಯಣ್ಣನಿಗೆ ಒಬ್ಬನೇ ಮಗ. ಆಗ ಏಳು ವರ್ಷ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಹತ್ತೂವರೆಗೆ ಬರುವ ಕೆಲಸ, ಒಂದೇ ಕೋಣೆಯ ಮನೆ. ಮಗುವನ್ನು ನೋಡಿಕೊಳ್ಳುತ್ತೇನೆ ಅಂದಿದ್ದ ಪಕ್ಕದ ಮನೆಯಾಕೆ ಒಂದು ದಿನ ಹೊರಗೆ ಬೀಗ ಹಾಕಿ ತನ್ನ ಕೆಲಸಕ್ಕೆ ಹೋದವಳು ಬರಲೇ ಇಲ್ಲ. ಇವನು ರಾತ್ರಿ ಬಂದು ಬಾಗಿಲು ತೆಗೆದರೆ, ಬಾಗಿಲಿಗೇ ಒರಗಿ ಮಲಗಿದ್ದ ಹುಡುಗ ಕಾಲ ಮೇಲೆ ಬಿದ್ದ. ಬೆಳಗಿನಿಂದ ಒಂದು ಲೋಟ ನೀರು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಅತ್ತಿರಲೂ ಇಲ್ಲ ಅಂತೆ. ಆವತ್ತೇ ಮೊಳೆಯಣ್ಣ ತನ್ನ ಅಕ್ಕನಿಗೆ ಬರೆದ, ಅವಳು ಬಂದು ಹುಡುಗನನ್ನು ಕರೆದುಕೊಂಡು ಹೋದಳು. ರೈಲಿನಲ್ಲಿ ಎರಡು ಹಗಲು, ಒಂದು ರಾತ್ರಿಯ ದಾರಿ.

ಹುಡುಗನಿಗೆ ಆಗಷ್ಟೇ ಓದು ಬಂದಿತ್ತು, ಪುಸ್ತಕದ ಅಕ್ಷರ ಮಾತ್ರ. ಕೈಬರಹ ಕಂಡರೆ ಇರುವೆ ಸಾಲು ಅಂತಿದ್ದ. ಹೋಗುವಾಗ ರೈಲಿನ ಕಿಟಕಿಯಿಂದ ಕಟ್ಟಪ್ಪಣೆ ಮಾಡಿದ್ದ: "ಅಪ್ಪಾ, ನಂಗೆ ಬರೆದಿದ್ದನ್ನ ನಾನೇ ಓದ್ಬೇಕು. ಟೈಲರ್ ಮಾಮನ ಕೈಲಿ ಓದ್ಸಲ್ಲ. ಅಚ್ಚು ಹಾಕಿ ಕಳ್ಸು." ಅತ್ತೆಗೆ ಓದು ಬರುತ್ತಿರಲಿಲ್ಲ. ಅವಳ ಕಾಗದಗಳನ್ನೆಲ್ಲ ಪಕ್ಕದ ಟೈಲರ್ ಓದಿ, ಬರೆದು ಕೊಡುತ್ತಿದ್ದ.

ಅಪ್ಪ ಅಚ್ಚು ಹಾಕಿಯೇ ಕಳಿಸಿದ. ಶನಿವಾರ ಎಲ್ಲರೂ ಹೋದ ಮೇಲೆ ದಪ್ಪ ಅಕ್ಷರದ ಖಾನೆ ಎಳೆದು, ಮಗುವಿಗೆ ಸುಲಭವಾಗಲಿ ಅಂತ ಒಂದು ಮಾತಿಗೆ ಒಂದು ಸಾಲು, ಹಾಳೆಗೆ ಒಂಬತ್ತು ಸಾಲು ಜೋಡಿಸುತ್ತಿದ್ದ. ಕಾಲಲ್ಲಿ ತುಳಿಯುವ ಸಣ್ಣ ಮೆಷಿನ್ನಿಗೆ ಕಟ್ಟಿ ಎರಡು ಹಾಳೆ ತೆಗೆಯುತ್ತಿದ್ದ. ಯಾಕೆ ಎರಡು? ಮೊದಲ ಹಾಳೆ ಯಾವತ್ತೂ ಹಾಳು. ಮಸಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಪ್ರೆಸ್ಸಿನವರು ಯಾರೇ ಆಗಲಿ ಅದನ್ನು ನೋಡದೆಯೇ ಉಂಡೆ ಮಾಡಿ ಎಸೆಯುತ್ತಾರೆ, ಕೈ ತಾನೇ ಆ ಕೆಲಸ ಮಾಡುತ್ತದೆ. ಎರಡನೆಯದು ಒಳ್ಳೆಯದು. ಅದನ್ನು ಮಡಿಸಿ ಲಕೋಟೆಗೆ ಹಾಕಿ, ಬೀದಿ ತುದಿಯ ಅಂಚೆ ಡಬ್ಬಿಗೆ.

ಮೊದಮೊದಲು ಹಾಳು ಹಾಳೆಯನ್ನು ಪ್ರೆಸ್ಸಿನ ಕಸದ ಬುಟ್ಟಿಗೇ ಹಾಕುತ್ತಿದ್ದ. ಒಂದು ದಿನ ಯಜಮಾನರ ಕಣ್ಣಿಗೆ ಬಿತ್ತು. "ಏನಯ್ಯಾ ಇದು, 'ಮಗನೇ, ಹಲ್ಲು ಉಜ್ಜಿದೆಯಾ'? ಇದು ಪ್ರೆಸ್ಸೋ ನಿಮ್ಮ ಮನೆ ಜಗಲಿಯೋ?" ಅಂತ ಎಲ್ಲರ ಮುಂದೆ ಗದರಿದರು. ಅಲ್ಲಿಂದ ಮುಂದೆ ಮೊಳೆಯಣ್ಣ ಹಾಳು ಹಾಳೆಯನ್ನು ಜೇಬಿಗೆ ತುರುಕಿಕೊಂಡು ಬಂದು ದಾರಿಯ ಬಾವಿಗೆ ಎಸೆಯತೊಡಗಿದ.

ಇಷ್ಟೇ. ಅವನು ಮಾಡಿದ ತಪ್ಪು ಇಷ್ಟೇ. ನಾನೂ ನೀವೂ ಅವನ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆವು.

ಆಮೇಲಿಂದ ಮಗನ ಉತ್ತರಗಳು ಚಿಕ್ಕವಾಗುತ್ತ ಬಂದವು. ಪೆನ್ಸಿಲ್ಲಿನಲ್ಲಿ ಗುಂಡು ಗುಂಡಾಗಿ: "ಅಪ್ಪಾ ನಿನ್ನ ಕಾಗದ ಬಂತು. ಓದಿದೆ. ಚೆನ್ನಾಗಿತ್ತು. ಇಂತಿ ಮಗ." ಅಷ್ಟೇ. ಬಿದ್ದ ಹಲ್ಲು ಮೇಲಿನದೋ ಕೆಳಗಿನದೋ ಅಂತ ಇವನು ಮೂರು ಸಲ ಕೇಳಿದ್ದ. ಒಂದಕ್ಕೂ ಉತ್ತರವಿಲ್ಲ. ಏನು ಜಂಬ ನೋಡು ಹುಡುಗನಿಗೆ ಅಂತ ಮೊಳೆಯಣ್ಣ ನಗುತ್ತಿದ್ದ, ಒಳಗೆ ಮಾತ್ರ ಚುರ್ ಅನ್ನುತ್ತಿತ್ತು. ಆ ಚುರುಕಿಗೇ ಆ ಶನಿವಾರದ ಕಾಗದದಲ್ಲಿ ಇನ್ನೂ ಗಟ್ಟಿ ಮಾಡಿಕೊಳ್ಳದ ಒಂದು ಮಾತನ್ನೂ ಜೋಡಿಸಿಬಿಟ್ಟಿದ್ದ. ಆ ಕಾಗದದ ಹಾಳು ಹಾಳೆಯೇ ಆವತ್ತು ಸದ್ದಿಲ್ಲದೆ ಬಾವಿಗೆ ಬಿದ್ದದ್ದು.

ಮುಂದಿನ ಶನಿವಾರ ಕಾಗದ ಹೋಗಲಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕೆಲಸ ಬಂದಿತ್ತು. ಆ ಕೆಲಸ ಹಿಡಿದರೆ ಸಂಜೆಯಾದ ಮೇಲೆ ಯಜಮಾನರೇ ನಿಂತು ಪ್ರೆಸ್ಸಿಗೆ ಬೀಗ ಹಾಕುತ್ತಾರೆ, ಮುಗಿಯುವ ತನಕ ಯಾರಿಗೂ ರಜೆ ಇಲ್ಲ, ಊರು ಬಿಡುವ ಹಾಗೂ ಇಲ್ಲ.

ಅದಾದ ಮೇಲಿನ ಮಂಗಳವಾರ ಅಕ್ಕನ ಕಾಗದ ಬಂತು. ಟೈಲರ್ ಬರೆದದ್ದು, ಮಾತು ಅಕ್ಕನದು.

"ತಮ್ಮಾ, ನೀನು ಇದೇನು ಮಾಡ್ತಿದೀಯಪ್ಪಾ? ಮಗೂಗೆ ಐದು ದಿನದಿಂದ ಜ್ವರ. ಡಾಕ್ಟರು ಮೈಯಲ್ಲಿ ಏನೂ ಇಲ್ಲ ಅಂತಾರೆ. ಒಂದು ತುತ್ತು ಇಳಿತಿಲ್ಲ. ದಿಂಬು ಎತ್ತಿದರೆ ನಿನ್ನ ಕಾಗದಗಳೆಲ್ಲ ಸಿಕ್ಕವು. ಟೈಲರಿಗೆ ತೋರಿಸಿದೆ. ಅಕ್ಕಾ ಇದರಲ್ಲಿ ಏನೂ ಬರೆದಿಲ್ಲ, ಬಿಳಿ ಹಾಳೆ ಅಂದ. ಮೊದಮೊದಲಿನವು ಸರಿ ಇವೆ, ಆಮೇಲಿನ ಹನ್ನೊಂದೂ ಬಿಳಿ. ಇಷ್ಟು ದಿನ ಹುಡುಗ ಇದನ್ನು ಹಿಡಿದುಕೊಂಡು ನನಗೆ ಓದಿ ಹೇಳ್ತಿದ್ದ. ಅಪ್ಪ ಚೆನ್ನಾಗಿದಾನಂತೆ, ನನ್ನ ಕೇಳಿದಾನಂತೆ ಅಂತ. ಎಲ್ಲಾ ತಾನೇ ಕಟ್ಟಿ ಹೇಳಿದ್ದು. ಈಗ ಜ್ವರದಲ್ಲಿ ಒಂದೇ ಮಾತು, ಅಪ್ಪಂಗೆ ನನ್ನ ಹತ್ರ ಹೇಳೋಕೆ ಏನೂ ಇಲ್ಲ ಅಂತ. ಮೊನ್ನೆ ಬಂದದ್ದನ್ನು ಇದರ ಜೊತೆ ಇಟ್ಟಿದೀನಿ. ನೀನೇ ನೋಡು. ಬೇಗ ಬಾ. ಬರೆಯೋದಲ್ಲ, ಬಾ."

ಮೊಳೆಯಣ್ಣ ಆ ಹಾಳೆ ಬಿಡಿಸಿದ. ಬಿಳಿ. ಪೂರ್ತಿ ಬಿಳಿ. ಬೆರಳಾಡಿಸಿದ... ಸೀಸದ ಮೊಳೆ ಒತ್ತಿದ ತಗ್ಗು ಇದೆ. ಸಾಲು ಸಾಲಾಗಿ, ಒಂಬತ್ತು. ಅವನು ಜೋಡಿಸಿದ್ದೇ. ಮಸಿ ಮಾತ್ರ ಇಲ್ಲ. ಈ ಹಾಳೆಯನ್ನು ದೀಪದ ಕೆಳಗೆ ಹಿಡಿದು, ಕಪ್ಪಗೆ ಮುತ್ತಿನ ಹಾಗೆ ಬಿದ್ದಿದೆ ಅಂತ ಖುಷಿಪಟ್ಟು, ಆರಿಸಿ, ಮಡಿಸಿ ಅಂಚೆಗೆ ಹಾಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಓಡಿ ಹೋಗಿ ಯಜಮಾನರ ಮುಂದೆ ನಿಂತ. "ಮಗೂಗೆ ಹುಷಾರಿಲ್ಲ ಸ್ವಾಮಿ. ನಾಲ್ಕು ದಿನ ಬಿಡಿ."

"ಇಂಥ ಹೊತ್ತಿನಲ್ಲಾ? ಪ್ರಶ್ನೆಪತ್ರಿಕೆ ನೋಡಿದ ಕೈ ಊರು ಬಿಟ್ಟರೆ ನನ್ನ ಗತಿ ಏನಾಗುತ್ತೆ ಗೊತ್ತೇನಯ್ಯಾ? ನೀನು ಹೋದ್ರೆ ಪೊಲೀಸ್ ಬರ್ತಾರೆ, ವಾಪಸ್ ಬಂದ್ರೆ ಕೆಲಸ ಇರಲ್ಲ."

"ಇರೋದು ಒಂದೇ ಮಗು..."

"ಶುಕ್ರವಾರ ಮುಗಿಯುತ್ತೆ. ಆಮೇಲೆ ಹೋಗು."

ಶುಕ್ರವಾರ! ಅಕ್ಕನ ಕಾಗದ ಬರಲಿಕ್ಕೇ ನಾಲ್ಕು ದಿನ ಹಿಡಿದಿತ್ತು. ಬೆಳಿಗ್ಗೆ ಆರಕ್ಕೆ ಒಂದು ರೈಲು, ಅದು ತಪ್ಪಿದರೆ ಮತ್ತೆ ಮೂರು ದಿನ ರೈಲಿಲ್ಲ. ಪ್ರೆಸ್ಸು ಮುಚ್ಚಿದ ಮೇಲೆ ಅವನು ಕೋಣೆಗೆ ಹೋಗದೆ ಬೀದಿ ಬೀದಿ ಸುತ್ತಿದ. ಹೋಗಿ ಏನು ಹೇಳಲಿ? ಬರೆದಿದ್ದೆ ಕಣೋ ಅಂದರೆ ಮಗು ನಂಬುತ್ತದೆಯೇ? ಬಿಳಿ ಹಾಳೆಯ ಮುಂದೆ ಅಪ್ಪನ ಬಾಯಿಮಾತಿಗೆ ಏನು ಬೆಲೆ? ಹನ್ನೊಂದು ವಾರ, ಹನ್ನೊಂದು ವಾರ ಅಂತ ಗೊಣಗುತ್ತ ನಡೆದವನು ಒಂದು ಕಡೆ ಗಕ್ಕನೆ ನಿಂತ.

ಹನ್ನೊಂದು ವಾರದ ಹಿಂದೆಯೇ ಅಲ್ಲವೇ ಯಜಮಾನರು ಬೈದದ್ದು. ಹಾಳು ಹಾಳೆಯನ್ನು ಬುಟ್ಟಿಗೆ ಹಾಕುವುದು ಬಿಟ್ಟು...

ತಲೆ ಎತ್ತಿ ನೋಡಿದರೆ ಸೋಪಿನ ಕಾರ್ಖಾನೆಯ ಗೋಡೆ. ಗೋಡೆ ಮುಗಿದಲ್ಲಿ ರಾಟೆ. ಗಾಳಿ ಇರಲಿಲ್ಲ. ರಾಟೆ ಮಾತ್ರ ಕಿರ್... ಅಂದು ಸುಮ್ಮನಾಯಿತು.

ನೀವಾಗಿದ್ದರೆ ಓಡುತ್ತಿದ್ದಿರಿ. ನಾನಂತೂ ಓಡುತ್ತಿದ್ದೆ. ಅವನು ಹೋಗಿ ಕಟ್ಟೆ ಹಿಡಿದು ಬಗ್ಗಿದ. ಮಗು ಸಾಯುತ್ತಿದೆ ಅಂದಾಗ ಅಪ್ಪನಿಗೆ ಬೇರೆ ಯಾವ ಹೆದರಿಕೆ ತಾನೇ ಉಳಿಯುತ್ತದೆ.

ಮೊದಲು ಉಸಿರಿನ ಸದ್ದು. ಆಮೇಲೆ ಪಿಸುಮಾತು, ಕಿವಿಯ ಹತ್ತಿರದಲ್ಲೇ ಅನ್ನುವ ಹಾಗೆ.

"ಅಪ್ಪಾ... ಹೋದ ಶನಿವಾರ ಯಾಕೆ ಕಾಗದ ಹಾಕ್ಲಿಲ್ಲ?"

ಅವನು ಕಟ್ಟೆಗೆ ಎದೆಯಾನಿಸಿ ನಿಂತ. "ಯಾರು... ಯಾರು ನೀನು?"

"ಮಗ."

"ಯಾರ ಮಗ?"

ಇದೂ ಗೊತ್ತಿಲ್ಲವಾ ಅನ್ನುವ ಹಾಗೆ: "ವಾರ ವಾರ ಕಾಗದ ಹಾಕೋದು ಅಪ್ಪ ತಾನೇ?"

ಅದು ಯಾರ ಮಗು, ಯಾವಾಗ ಬಿತ್ತು, ಬಿತ್ತೋ ಯಾರಾದರೂ ನೂಕಿದರೋ... ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಹುಡುಕಿಕೊಂಡು ಬಂದವರಂತೂ ಯಾರೂ ಇದ್ದ ಹಾಗಿಲ್ಲ.

"ಆ ಕಾಗದ... ಎಲ್ಲಾ ಇದ್ಯಾ?"

"ಇದೆ. ಹನ್ನೊಂದೂ ಇದೆ. ಮಡಚಿ ಇಟ್ಟಿದೀನಿ."

"ಕೊಡೋ. ನಿನ್ನ ಕಾಲಿಗೆ ಬೀಳ್ತೀನಿ, ಅಕ್ಷರ ವಾಪಸ್ ಕೊಟ್ಬಿಡೋ."

"ಓದಿ ಹೇಳು." ದನಿಯಲ್ಲಿ ಹಟ ಇತ್ತು. "ನಂಗೆ ಓದಕ್ಕೆ ಬರಲ್ಲ."

ಓದಲು ಕೈಯಲ್ಲಿ ಏನಿದೆ? ಬಿಳಿ ಹಾಳೆ, ಕಗ್ಗತ್ತಲೆ. ಆದರೆ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಹೆಕ್ಕಿ ಜೋಡಿಸಿದವನಿಗೆ ಅದು ಮರೆಯುವುದಿಲ್ಲ. ಬಾವಿಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಮೊಳೆಯಣ್ಣ ಮೊದಲ ಕಾಗದದಿಂದ ಶುರು ಮಾಡಿದ.

"ಮಗನೇ. ಇವತ್ತು ಪ್ರೆಸ್ಸಿನ ಬೆಕ್ಕು ಮಸಿ ತಟ್ಟೆಯಲ್ಲಿ ಕಾಲಿಟ್ಟಿತು. ಆಮೇಲೆ ಯಜಮಾನರ ಮೇಜಿನ ಮೇಲೆ ವಾಕಿಂಗ್ ಹೋಯಿತು. ಹದಿನೇಳು ಹೆಜ್ಜೆ ಎಣಿಸಿದೆ. ಯಜಮಾನರು ಬೆಕ್ಕಿಗೆ ಬಯ್ಯದೆ ನನಗೆ ಬೈದರು..."

ಕೆಳಗಿನಿಂದ ಫುಸ್ ಅಂತ ಒಂದು ಸದ್ದು. ನಗುವನ್ನು ಮೂಗಿನಲ್ಲೇ ತಡೆದು ಬಿಟ್ಟ ಹಾಗೆ. ಅವನ ಮಗನೂ ಹೀಗೇ ನಗುತ್ತಿದ್ದ. ಆ ಸದ್ದು ಕೇಳಿ ಮೊಳೆಯಣ್ಣನಿಗೆ ಹೆದರಿಕೆಗಿಂತ ಹೆಚ್ಚಾಗಿ ಅಳು ಬಂತು. ಹಲ್ಲು ಕಚ್ಚಿ ಮುಂದೆ ಓದಿದ.

ಎರಡನೆಯದು. ಮೂರನೆಯದು. "ಕಳೆಯುವ ಲೆಕ್ಕದಲ್ಲಿ ಪಕ್ಕದ ಮನೆಯಿಂದ ತಂದ ಒಂದನ್ನು ಮರೆಯಬೇಡ. ಅತ್ತೆಯ ಕೋಳಿ ನಿನ್ನನ್ನು ಅಟ್ಟಿಸಿಕೊಂಡು ಬಂದರೆ ಓಡಬೇಡ, ನಿಂತು ನೋಡು. ನಿನ್ನ ಅಲ್ಲಾಡುವ ಹಲ್ಲು ಬಿತ್ತೇ? ಮೇಲಿನದೋ, ಕೆಳಗಿನದೋ?"

"ಕೆಳಗಿಂದು," ಅಂತು ಬಾವಿ.

ವಾರಗಟ್ಟಲೆ ಆ ಉತ್ತರಕ್ಕೆ ಕಾದಿದ್ದ ಮನುಷ್ಯ. ಹೇಗಾಗಿರಬೇಡ ಅವನಿಗೆ, ನೀವೇ ಯೋಚಿಸಿ.

ದೂರದಲ್ಲಿ ಯಾವುದೋ ಗಡಿಯಾರ ಎರಡು ಹೊಡೆಯಿತು, ಮೂರು ಹೊಡೆಯಿತು. ಗಂಟಲು ಒಣಗಿ ದನಿ ಒಡೆಯಿತು. ಪ್ರತಿ ಕಾಗದ ಮುಗಿದ ಮೇಲೂ ಕೆಳಗೆ ಸರ್... ಸರ್... ಅಂತ ಹಾಳೆ ಸವರಿ ಪಕ್ಕಕ್ಕಿಡುವ ಸದ್ದು. ಹತ್ತು ಮುಗಿಯಿತು. ಉಳಿದದ್ದು ಹನ್ನೊಂದನೆಯದು.

ಅದರಲ್ಲಿ ಒಂದು ಸಾಲಿತ್ತು. ಚುರುಕು ತಡೆಯಲಾರದೆ ಜೋಡಿಸಿದ್ದ ಸಾಲು. ಅದು ಬಾಯಿಗೆ ಬರುವ ಹೊತ್ತಿಗೆ ಮೊಳೆಯಣ್ಣ ತಡವರಿಸಿದ. ಇದನ್ನು ಇಲ್ಲಿ ಹೇಳಿದರೆ? ಈ ಬಾವಿಗೆ ಈ ಮಾತು ಕೊಟ್ಟರೆ? ಓದು ಬಾರದ ಮಗು, ಕತ್ತಲೆ, ಯಾರಿಗೆ ಗೊತ್ತಾಗುತ್ತದೆ... ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಾಲು ಬಿಟ್ಟು ಜೋಡಿಸಿದವನಲ್ಲ. ಆವತ್ತು ಬಿಟ್ಟ. ಐದನೆಯ ಸಾಲು ಮುಗಿಸಿ ಏಳನೆಯದಕ್ಕೆ ಹಾರಿದ, ಎಂಟು, ಒಂಬತ್ತು ಅಂತ ಓಡಿಸಿ ಮುಗಿಸಿಬಿಟ್ಟ.

"ಆಯ್ತು ಕಣೋ. ಎಲ್ಲಾ ಆಯ್ತು. ಕೊಡು."

ತೆರೆದ ಅರ್ಧದೊಳಕ್ಕೆ ಕೈ ಚಾಚಿದ.

"ಓದಿ ಹೇಳು ಅಂದ್ಯಲ್ಲ, ಹೇಳಿದೆ..."

"ಒಂಬತ್ತು ಸಾಲಿದೆ." ಪಿಸುಮಾತು ಈಗ ಇನ್ನೂ ಹತ್ತಿರ, ಹಲಗೆಯ ಅಡಿಯಿಂದಲೇ ಬಂದಂತಿತ್ತು. "ನೀನು ಎಂಟೇ ಓದ್ದೆ. ನಂಗೆ ಓದಕ್ಕೆ ಬರಲ್ಲ ಅಪ್ಪಾ. ಎಣಿಸಕ್ಕೆ ಬರುತ್ತೆ."

ಮೊಳೆಯಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಚ್ಚಿದ ಕೈಯೊಳಗಿನಿಂದಲೇ ಹೇಳಿದ.

"ನಾನೇ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ."

ರಾಟೆ ಕಿರ್... ಅಂದಿತು.

"ಯಾರನ್ನ?"

ಸುಳ್ಳು ಹೇಳಬಹುದಿತ್ತು. ನಿನ್ನನ್ನೇ ಕಣೋ ಅಂದು ಎದ್ದು ಓಡಬಹುದಿತ್ತು. ಆದರೆ ಬಿಳಿ ಹಾಳೆ ಹಿಡಿದುಕೊಂಡು, ಅಪ್ಪ ಹೇಳದ ಮಾತನ್ನೆಲ್ಲ ತಾನೇ ಕಟ್ಟಿ ಓದಿದ ಒಂದು ಮಗು ಅವನ ಕಣ್ಣ ಮುಂದೆ ಇತ್ತು. ಇನ್ನೊಂದು ಮಗುವಿಗೆ ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ.

"ಅವನನ್ನ. ದೂರ ಇದಾನೆ. ಜ್ವರ ಬಂದು ಮಲಗಿದಾನೆ. ಇದೆಲ್ಲ ಅವನಿಗೆ ಬರೆದದ್ದು ಕಣೋ. ನಿನಗೆ... ನಿನಗೆ ನಾನು ಬರೀಲಿಲ್ಲ. ಮೊದಲನೇ ಹಾಳೆ ಹಾಳು ಅಂತ ಎಸೆದೆ. ನೀನು ಇದೀಯ ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನ ಕ್ಷಮಿಸಿಬಿಡೋ."

ಉಸಿರಿನ ಸದ್ದು ನಿಂತುಹೋಗಿತ್ತು. ಆಮೇಲೆ, ತುಂಬಾ ಕೆಳಗಿನಿಂದ...

"ನಂಗೆ ಅಂತ ಒಂದು ಸಾಲೂ ಇಲ್ವಾ?"

ಆ ಮಾತಿಗೆ ಮೊಳೆಯಣ್ಣ ಗೋಳೋ ಅಂತ ಅತ್ತುಬಿಟ್ಟ. ಹೆಂಡತಿ ಹೋದಾಗಲೂ ಹಾಗೆ ಅತ್ತವನಲ್ಲ. "ಇಟ್ಕೋ," ಅಂದ. "ಯಾವುದು ಬೇಕೋ ಒಂದು ಸಾಲು ಇಟ್ಕೋ ಕಂದಾ. ಬೆಕ್ಕಿಂದು ಬೇಕಾ, ಕೋಳಿದು ಬೇಕಾ, ಯಾವುದಾದ್ರೂ. ಉಳಿದದ್ದು ಅವನಿಗೆ ಕೊಟ್ಬಿಡು. ನಿನ್ನ ದಮ್ಮಯ್ಯ."

ಕಡ್ಡಿ ಗೀರಿ ಒಳಗೆ ಹಿಡಿದ, ಆರಿಹೋಯಿತು. ಇನ್ನೊಂದು ಗೀರಿದ. ಗೋಡೆಯ ಕಲ್ಲು ಕಂಡಿತು, ತಳದಲ್ಲಿ ತರಗೆಲೆ ಕಂಡಿತು. ಒಂದು ಚೂರು ಕಾಗದವೂ ಇರಲಿಲ್ಲ. ಐದು ಹೊಡೆದದ್ದು ಕೇಳಿಸಿತು. ಅವನು ಕೈಯಲ್ಲಿದ್ದ ಹಾಳೆಯನ್ನು ನೋಡದೆಯೇ ಮಡಚಿ ಒಳಜೇಬಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಓಡಿದ. ಕೆಲಸ ಹೋದರೆ ಹೋಗಲಿ, ಪೊಲೀಸರು ಬಂದರೆ ಬರಲಿ.

ರೈಲಿನಲ್ಲಿ ಎರಡು ಹಗಲು, ಒಂದು ರಾತ್ರಿ. ಜೇಬಿನ ಹಾಳೆಯನ್ನು ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು. ತೆಗೆಯಲಿಲ್ಲ. ಇನ್ನೂ ಬಿಳಿಯಾಗಿಯೇ ಇದ್ದರೆ? ಬಿಳಿಯಾಗಿದ್ದರೆ ಮಗು ಇಲ್ಲ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಎದೆಯ ಮೇಲೆ ಕೈ ಒತ್ತಿ ಹಿಡಿದುಕೊಂಡು ಕೂತೇ ಇದ್ದ. ಎದುರಿಗಿದ್ದ ಮುದುಕಿ ಎದೆನೋವಾ ಮಗಾ ಅಂತ ಎರಡು ಸಲ ಕೇಳಿದಳಂತೆ.

ಅಕ್ಕನ ಮನೆಗೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಲು ಧೈರ್ಯ ಸಾಲದೆ ಇವನು ಅವಳ ಕಾಲು ನೋಡಿಕೊಂಡು ನಿಂತ.

"ಬಂದ್ಯಾ ತಮ್ಮಾ," ಅಂದಳು ಅಕ್ಕ, ಪಿಸುದನಿಯಲ್ಲಿ. "ನಿನ್ನೆ ಬೆಳಗಿನ ಜಾವ ಜ್ವರ ಬಿಡ್ತು. ಐದು ಗಂಟೆ ಇರಬೇಕು. ಎದ್ದು ಕೂತು ಹಾಲು ಕೇಳಿದ. ಆಮೇಲಿಂದ... ನೀನೇ ನೋಡು ಬಾ. ನಂಗೆ ಕೈಕಾಲೇ ಆಡ್ತಿಲ್ಲ."

ಹುಡುಗ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಒಣಗಿ ಕಡ್ಡಿಯಾಗಿದ್ದ. ಸುತ್ತ ಹಾಳೆಗಳು. ಎಲ್ಲದರಲ್ಲೂ ಅಕ್ಷರ, ಕಪ್ಪಗೆ, ದಪ್ಪಗೆ. ಬೆರಳಿಟ್ಟು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ ಮೂಗಿನಲ್ಲಿ ಫುಸ್ ಅಂತ ನಗುತ್ತಿದ್ದ. ಅಪ್ಪನನ್ನು ಕಂಡವನು ಎದ್ದು ಬಂದು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಬಾಯಿ ಅಗಲಿಸಿ ತೋರಿಸಿದ.

"ಮೇಲಿಂದು," ಅಂದ.

ಮೊಳೆಯಣ್ಣ ಮಗನನ್ನು ತಬ್ಬಿಕೊಂಡು ಎಷ್ಟು ಅತ್ತ ಅಂತ ನಾನು ಹೇಳುವುದಿಲ್ಲ. ಅತ್ತು ಮುಗಿದ ಮೇಲೆ, ಮಗ ತೊಡೆಯ ಮೇಲಿರುವಂತೆಯೇ, ಹಾಳೆಗಳನ್ನು ಒಂದೊಂದಾಗಿ ಎತ್ತಿ ಎಣಿಸಿದ. ಯಾವ ಸಾಲು ಹೋಗಿದೆ? ಬೆಕ್ಕಿನ ಸಾಲು ಇದೆ, ಹದಿನೇಳು ಹೆಜ್ಜೆಯೂ ಇದೆ. ಕೋಳಿ ಇದೆ. ಲೆಕ್ಕ ಇದೆ. ಹಲ್ಲು ಇದೆ. ಬಿಳಿಯಾಗಿದ್ದ ಹತ್ತು ಹಾಳೆ, ಒಂದೊಂದರಲ್ಲೂ ಒಂಬತ್ತು ಸಾಲು. ಒಂದಕ್ಷರವೂ ಕಡಿಮೆ ಇಲ್ಲ.

ಆಗ ಜೇಬಿನ ಹಾಳೆ ನೆನಪಾಯಿತು.

ಹೊರಗೆ ತೆಗೆದ. ಬಿಡಿಸಿದ. ಮಗ ಕಸಿದುಕೊಂಡು ಓದತೊಡಗಿದ. ಒಂದು, ಎರಡು, ಮೂರು... ಐದನೆಯ ಸಾಲು ಮುಗಿಸಿ ಬೆರಳು ನಿಂತಿತು.

"ಅಪ್ಪಾ, ಇಲ್ಲಿ ಒಂದು ಸಾಲು ಬಿದ್ದೇ ಇಲ್ಲ. ಏನಿತ್ತು ಇಲ್ಲಿ?"

ಮೊಳೆಯಣ್ಣ ತುಂಬಾ ಹೊತ್ತು ಆ ಬಿಳಿ ಜಾಗವನ್ನೇ ನೋಡಿದ.

"ಮರೆತೋಯ್ತು ಕಣೋ."

"ನೀನೇ ಜೋಡ್ಸಿದ್ದಲ್ವಾ?"

"ಹೂಂ. ಮರೆತೋಯ್ತು."

ಆ ಮಾತನ್ನು ಅವನು ಮಗನಿಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ, ಯಾಕೆಂದರೆ ಮಗನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ತಾನೇ ಆ ಊರಲ್ಲಿ ಉಳಿದು, ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸ ಹಿಡಿದ. ಹಳೆಯ ಊರಿಗೆ ಮತ್ತೆ ಹೋದನೇ ಅಂತ ಕೇಳಿದ್ದಕ್ಕೆ ಎದ್ದು ನೀರು ಕುಡಿಯಲು ಹೋದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಹಾಳೆ ಈಗ ಆ ಹುಡುಗನ ಹತ್ತಿರ ಇದೆ. ಹುಡುಗ ಅಂದರೆ, ಅವನ ಕೂದಲೇ ನೆರೆತಿದೆ ಈಗ. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಹಗಲು ಹೊತ್ತಿನಲ್ಲಿ, ಕನ್ನಡಕ ಹಾಕಿಕೊಂಡು. ಒಂಬತ್ತು ಸಾಲು. ಎಂಟರಲ್ಲಿ ಮಸಿ ಇದೆ. ಆರನೆಯದರಲ್ಲಿ ಇಲ್ಲ. ಬೆರಳಾಡಿಸಿದರೆ ತಗ್ಗು ಸಿಗುತ್ತದೆ.